ಮಂಡಿ ನನ್ನದು, ಸಿಕ್ಕಿಬಿದ್ದವರು ಇವರು

ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಮದುವೆ ಕಾರ್ಡಿನ ಅಂಗಡಿ. ನಡೆಸುವವರು ನಾನು, ನಮ್ಮ ಯಜಮಾನರು, ಇಬ್ಬರೇ. ಗಿರಾಕಿಗಳಿಗೆ ಕಾರ್ಡು ತೋರಿಸುವುದು ನನ್ನ ಕೆಲಸ. ಏಣಿ ಹತ್ತಿ ಡಬ್ಬ ಇಳಿಸುವುದು, ಪ್ರೆಸ್ಸಿಗೆ ಓಡಾಡುವುದು ಇವರ ಕೆಲಸ. ದಿನವಿಡೀ ನಿಂತು ನಿಂತು ಹೋದ ವರ್ಷ ನನ್ನ ಬಲ ಮಂಡಿ ನೋಯತೊಡಗಿತು.

ಮೂಳೆಗೇನೂ ಆಗಿಲ್ಲ, ತೊಡೆಗೆ ಬಲ ಬರಬೇಕು ಎಂದು ಡಾಕ್ಟರು ಬಸವನಗುಡಿಯ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸಿನ ಹುಡುಗಿ. ಮದುವೆ ಸೀಸನ್ನು, ದಿನಾ ಬರಲಾಗದು ಎಂದು ನಾನು ಹೇಳಿದಾಗ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು.

"ಆಂಟಿ, ಫೋನ್ ಎದುರಿಗಿಟ್ಕೊಂಡು ಕುರ್ಚಿಯಿಂದ ಎದ್ದು ಕೂತು ಮಾಡಿ. ಅದೇ ನಿಮ್ಮ ಕೀಲುಗಳನ್ನ ಗುರುತು ಹಿಡಿಯತ್ತೆ. ಮಂಡಿ ಒಳಗಡೆ ವಾಲಿದ್ರೆ ಕೆಂಪು ಗೆರೆ, ಸರಿಯಿದ್ರೆ ಹಸಿರು. ವಿಡಿಯೋ ನಂಗೂ ಬರತ್ತೆ, ನೋಡಿ ಹೇಳ್ತೀನಿ."

ಚಾಮರಾಜಪೇಟೆಯ ನಮ್ಮ ಮನೆ ಒಂದರ ಹಿಂದೊಂದು ಕೋಣೆಯಿರುವ ಇಕ್ಕಟ್ಟಿನ ಮನೆ. ಮಾರನೆಯ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಶುರು ಮಾಡಿದರೆ, ಇನ್ನೂ ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ ಎಂದು ಫೋನು ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ನನ್ನ ಬೆನ್ನು ಗೋಡೆಗೆ ತಾಗಿದರೂ ಅದಕ್ಕೆ ಪಾದ ಕಾಣಲಿಲ್ಲ. ಕೊನೆಗೆ ಫೋನನ್ನು ಬೀದಿ ಬಾಗಿಲ ಬಳಿಯಿಟ್ಟು, ಕುರ್ಚಿಯನ್ನು ನಡುಕೋಣೆಗೆ ಒಯ್ದೆವು. ಆಗಲೂ ಮಂಡಿಯ ಮೇಲೆ ಕೂರಬೇಕಾದ ಚುಕ್ಕಿ ಸೀರೆಯ ನೆರಿಗೆಯಲ್ಲಿ ದಾರಿ ತಪ್ಪಿ ಓಡಾಡುತ್ತಿತ್ತು.

"ಸೀರೆ ಒಳಗೆ ಮಂಡಿ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ನನ್ನ ಟ್ರ್ಯಾಕ್ ಪ್ಯಾಂಟ್ ಹಾಕ್ಕೋ" ಎಂದರು ಇವರು.

ಮದುವೆಯಾದ ಮೇಲೆ ನಾನು ಪ್ಯಾಂಟು ತೊಟ್ಟದ್ದು ಅದೇ ಮೊದಲು. ಕೋಣೆಯಿಂದ ಹೊರಗೆ ಬರಲು ನಾಚಿಕೆ.

"ಕಬಡ್ಡಿ ಆಡಕ್ಕೆ ಹೊರಟಂಗಿದೀಯಲ್ಲೇ!" ಎಂದು ಇವರು ನಕ್ಕರು. ನನಗೂ ನಗು ಬಂತು. ಆದರೆ ಚುಕ್ಕಿಗಳು ಈಗ ತಂತಮ್ಮ ಜಾಗದಲ್ಲಿ ಕೂತವು. ಮೊದಮೊದಲು ಬರೀ ಕೆಂಪು. ಆಮೇಲಾಮೇಲೆ ಹಸಿರೂ ಕಾಣಿಸಿಕೊಂಡಿತು. ಒಮ್ಮೆ ಹಸಿರು ಬಂದರೆ ಅಂದಿನ ಕಾಫಿ ಇನ್ನಷ್ಟು ರುಚಿ.

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಆ ಹುಡುಗಿಯ ಫೋನು ಬಂತು.

"ಆಂಟಿ, ಇವತ್ತು ನೀವು ಮುಗಿಸಿದ್ಮೇಲೆ ಕ್ಯಾಮೆರಾ ಆಫ್ ಮಾಡಿಲ್ಲ. ಕುರ್ಚಿ ಎತ್ಕೊಂಡು ಅಡುಗೆಮನೆಗೆ ಹೋದ್ರಲ್ಲ, ಅವ್ರು ಅಂಕಲ್ಲಾ?"

"ಹೌದು. ಯಾಕಮ್ಮ?"

"ನೀವು ಸರಿದ ತಕ್ಷಣ ಆ್ಯಪ್ ಅವ್ರನ್ನ ಹಿಡ್ಕೊಂಡಿದೆ. ಎಡಗಾಲಿನ ಮೇಲೆ ಸರಿಯಾಗಿ ಭಾರ ಹಾಕ್ತಿಲ್ಲ ಅವ್ರು. ಸೊಂಟ ಒಂದ್ಕಡೆ ವಾಲತ್ತೆ. ನೋವಿದ್ಯಾ ಅಂತ ಕೇಳಿ."

ತಲೆಯೆತ್ತಿ ನೋಡಿದೆ. ಇವರು ಏಣಿಯ ಮೇಲಿದ್ದರು. ಡಬ್ಬ ಬಗಲಲ್ಲಿಟ್ಟುಕೊಂಡು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎಡಗಾಲನ್ನೇ ಮೊದಲು ಇಳಿಸಿ, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಒಂದು ಗಳಿಗೆ ನಿಂತು ಮತ್ತೆ ಇಳಿಯುತ್ತಿದ್ದರು. ಇಡೀ ದಿನ ಜೊತೆಗಿದ್ದೂ ನಾನಿದನ್ನು ಗಮನಿಸಿರಲಿಲ್ಲ.

ಸಂಜೆ ಮನೆಯಲ್ಲಿ ಕೇಳಿದರೆ, "ನಂಗೇನಾಗಿದೆ? ಗುಂಡುಕಲ್ಲಿನಂಗಿದೀನಿ" ಎಂದರು. ನಾನು ವಿಡಿಯೋ ಹಾಕಿ ಫೋನನ್ನು ಕೈಗೆ ಕೊಟ್ಟೆ. ತಮ್ಮದೇ ನಡಿಗೆಯನ್ನು ಅವರು ಮತ್ತೆ ಮತ್ತೆ ನೋಡಿದರು.

"ಸೊಂಟದ ಹತ್ರ ಸ್ವಲ್ಪ ಹಿಡಿದಂಗಾಗತ್ತೆ ಕಣೇ. ಸೀಸನ್ ಮುಗೀಲಿ ಅಂತಿದ್ದೆ."

"ನಂಗೊಂದು ಮಾತು ಹೇಳಬಾರ್ದಿತ್ತಾ?"

"ನಿನಗೇ ಮಂಡಿ ನೋವು. ಇಬ್ರೂ ಕೂತ್ಬಿಟ್ರೆ ಅಂಗಡಿ ಯಾರು ನೋಡ್ತಾರೆ?"

ಬೈಯಬೇಕೆಂದಿದ್ದವಳು ಬೈಯಲಿಲ್ಲ. ಎದ್ದು ಹೋಗಿ ಹೊಸದಾಗಿ ಕಾಫಿ ಬೆರೆಸಿದೆ.

ಸೋಮವಾರ ಅಂಗಡಿ ತಡವಾಗಿ ತೆರೆದರಾಯಿತೆಂದು ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇ ಬರುವತನಕ ನಾನು ಬಾಗಿಲನ್ನೇ ನೋಡುತ್ತ ಕೂತಿದ್ದೆ. ಹೆದರುವಂಥದ್ದೇನಿಲ್ಲ, ಸೊಂಟದ ಪಕ್ಕದ ಸ್ನಾಯು ಸೋತಿದೆ, ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು.

ಈಗ ನಡುಕೋಣೆಯಲ್ಲಿ ಬೆಳಿಗ್ಗೆ ಇಬ್ಬರದೂ ಸರದಿ. ಒಟ್ಟಿಗೆ ನಿಂತರೆ ಫೋನು ಗಲಿಬಿಲಿಗೊಂಡು ಇವರ ಭುಜಕ್ಕೆ ನನ್ನ ಮೊಣಕೈ ಜೋಡಿಸುತ್ತದೆ. ಕೆಂಪು ಗೆರೆ ಬಂದರೆ ಇವರು ಜಗಳಕ್ಕೇ ನಿಲ್ಲುತ್ತಾರೆ: "ನಾನು ನೆಟ್ಟಗೇ ಇದೀನಿ, ಇದಕ್ಕೆ ಕಣ್ಣು ಸರಿಯಿಲ್ಲ!"

ಕಳೆದ ವಾರ ಗಾಂಧಿ ಬಜಾರಿಗೆ ಅವರೆಕಾಯಿ ತರಲು ಹೋಗಿದ್ದೆವು. ಇವರು ಚೀಲ ಹಿಡಿದು ಮುಂದೆ ಹೊರಟರು. ನಾನು ಬೇಕೆಂದೇ ಸ್ವಲ್ಪ ಹಿಂದೆ ಉಳಿದು ಅವರ ನಡಿಗೆ ನೋಡಿದೆ. ಎಡಗಾಲನ್ನು ಗಟ್ಟಿಯಾಗಿಯೇ ಊರುತ್ತಿದ್ದರು.

"ಯಾಕೆ ನಿಂತ್ಬಿಟ್ಟೆ? ಮಂಡಿ ನೋಯ್ತಿದ್ಯಾ?" ಎಂದು ಇವರು ತಿರುಗಿ ಕೇಳಿದರು.

"ಇಲ್ಲ, ನೀವು ನಡೀರಿ" ಎಂದೆ.