ತವುಡಿಗೆ ಕೊಂಡ ಕೂಸು

ಹೋದ ಮಾಗಿಯಲ್ಲಿ ದಾವಲಬಿ ತೀರಿಕೊಂಡಳು. ಮಾಸೂರಿಗೆ ಈಗಲೂ ಬಳೆಗಾರರು ಬರುತ್ತಾರೆ, ಹೆಂಗಸರು ಕೈ ಚಾಚುತ್ತಾರೆ. ಆದರೆ ಚಾಚಿದ ಕೈ ಒಂದು ಗಳಿಗೆ ಹಿಂಜರಿಯುತ್ತದೆ. ದಾವಲಬಿ ಬಳೆ ಇಡುವಾಗ ಬೆರಳುಗಳನ್ನು ಒಂದೊಂದಾಗಿ ಅಮುಕಿ, ಮೆತ್ತಗೆ ಮಾಡಿ, ಏನಾದರೊಂದು ಮಾತಿಗೆ ಹಚ್ಚಿ, ಬಳೆ ಮಣಿಕಟ್ಟಿಗೆ ಇಳಿದದ್ದೇ ಗೊತ್ತಾಗದ ಹಾಗೆ ಇಳಿಸುತ್ತಿದ್ದಳು. ಅಂಥ ಕೈ ಮಣ್ಣು ಸೇರಿತು ಎಂದರೆ ಇನ್ನೂ ನಂಬಲಾಗುವುದಿಲ್ಲ.

ಸವಣೂರಿನಿಂದ ಮದುವೆಯಾಗಿ ಬಂದವಳು ಅವಳು. ಗಂಡ ಮಜೀದ ಬಳೆಯ ಮಲಾರ ಹೊತ್ತು ಹಿರೇಕೆರೂರಿನ ಸಂತೆಗೆ ಹೋಗುತ್ತಿದ್ದ. ಊರೊಳಗಿನ ಓಣಿಗಳು ಅವಳ ಪಾಲಿಗೆ. ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ, "ಊರಾಗಿನ ಇಷ್ಟು ಕೈ ನನ್ನ ಕೈಯಾಗ ಬೆಳದಾವ, ಇನ್ನ ಯಾಕ ಬೇಕವ್ವಾ?" ಎಂದು ನಕ್ಕು, ಕೇಳಿದವಳ ಕೈಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಅಮುಕುತ್ತಿದ್ದಳು.

ಪಕ್ಕದ ಮನೆ ಅನ್ನವ್ವನದು. ಅವಳ ಗಂಡ ಶಿದ್ಲಿಂಗಪ್ಪನಿಗೆ ಮದಗದ ಕೆರೆಯ ಕೆಳಗೆ ಭತ್ತದ ಗದ್ದೆ ಇತ್ತು. ಅನ್ನವ್ವನ ಎರಡು ಕೂಸುಗಳು ಉಸಿರಿನ ಬೇನೆಯಲ್ಲೇ ಹೋಗಿದ್ದವು. ಮೂರನೆಯದು ಏಳು ತಿಂಗಳಿಗೇ ಹುಟ್ಟಿತು, ಬೊಗಸೆಯೊಳಗೆ ಹಿಡಿಸುವಷ್ಟಿತ್ತು. ಹೀಗೆ ಕೂಸು ನಿಲ್ಲದ ಮನೆಯವರು ಮಾಡುವ ಒಂದು ಪದ್ಧತಿ ಆ ಕಡೆ ಇದೆ. ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಆಚೆಗೆ ಇಡುತ್ತಾರೆ. ಬೇರೆ ಮನೆಯ ಹೆಂಗಸೊಬ್ಬಳು ಬಂದು ಒಂದು ಹಿಡಿ ತವುಡು ಕೊಟ್ಟು ಅದನ್ನು ಕೊಳ್ಳುತ್ತಾಳೆ. ಆಮೇಲೆ ಕೂಸು ಹೆತ್ತ ಮನೆಯಲ್ಲೇ ಬೆಳೆದರೂ ಕೊಂಡವಳದು. ಐದು ವರ್ಷ ತುಂಬುವ ತನಕ ಹೆತ್ತವಳು ಅದನ್ನು ನನ್ನದು ಅನ್ನಬಾರದು, ಅವ್ವಾ ಎಂದು ಕರೆದರೂ ಓ ಅನ್ನಬಾರದು. ಅಂದರೆ ಮೊದಲಿನವುಗಳನ್ನು ಒಯ್ದದ್ದು ಕೇಳಿಸಿಕೊಂಡು ಬಂದುಬಿಡುತ್ತದೆ. ಅನ್ನವ್ವನ ಕೂಸಿಗೆ ತವುಡು ಕೊಟ್ಟವಳು ದಾವಲಬಿ. ದರ್ಗಾದಲ್ಲಿ ಸಕ್ಕರೆ ಓದಿಸಿ ಫಕ್ಕೀರವ್ವ ಎಂದು ಹೆಸರಿಟ್ಟವಳೂ ಅವಳೇ.

ಫಕ್ಕೀರವ್ವ ಬೆಳೆದಳು, ಆದರೆ ತೂಕವಿಲ್ಲದ ಹಾಗೆ ಬೆಳೆದಳು. ಎತ್ತಿಕೊಂಡರೆ ಒಣಹುಲ್ಲಿನ ಸಿವುಡು ಎತ್ತಿದ ಹಾಗೆ. ಚಳಿಗಾಲ ಬಂತೆಂದರೆ ಎದೆಯಲ್ಲಿ ಗೊರಗೊರ. ಅನ್ನವ್ವ ಹಿತ್ತಲ ಗೋಡೆಯ ಮೇಲಿಂದ ಕೂಗುತ್ತಿದ್ದಳು:

"ಏ ದಾವಲಬೀ, ನಿನ್ನ ಮಗಳು ಹಾಲು ಒಲ್ಲೆ ಅಂತಾಳ ನೋಡು!"

"ನನ್ನ ಮಗಳಿಗೆ ನೀರಹಾಲು ಹಾಕಿದ್ರ ಹೆಂಗ ಕುಡೀತಾಳ? ಗಟ್ಟಿ ಹಾಲು ಹಾಕು, ಜಿಪುಣಿ!"

ಇಬ್ಬರೂ ನಗುತ್ತಿದ್ದರು. ಆ ನಗೆಯ ಅಡಿಯಲ್ಲಿ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಫಕ್ಕೀರವ್ವನಿಗೆ ಮೂರು ತುಂಬಿದ ಮಾಗಿ. ಊರಿನಲ್ಲಿ ಹೊರದೇಶದ ಕಾಳಗದ ಸುದ್ದಿ, ಸೀಮೆಎಣ್ಣೆಯ ಅಭಾವ. ಒಂದು ಬೆಳಗ್ಗೆ ಕೂಸಿನ ಪಕ್ಕೆ ಹಕ್ಕಿಯ ರೆಕ್ಕೆಯಂತೆ ಹಾರತೊಡಗಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಶಿದ್ಲಿಂಗಪ್ಪ ಹಿರೇಕೆರೂರಿನ ದವಾಖಾನೆಗೆಂದು ಗಾಡಿ ಹೂಡಿದ. ಇಬ್ಬರು ಹೆಂಗಸರು, ನಡುವೆ ಕಂಬಳಿಯಲ್ಲಿ ಕೂಸು. ಕೆರೆಯ ಮಂಜು ದಾರಿಯ ಮೇಲೆಲ್ಲ ಹರಡಿತ್ತು. ಎತ್ತುಗಳ ಕೊಂಬು ಮಾತ್ರ ಮುಂದೆ ಮುಂದೆ ಈಜುತ್ತಿದ್ದವು. ತಾವು ನೆಲದ ಮೇಲೆ ಹೋಗುತ್ತಿದ್ದೇವೆಯೋ ನೀರಿನೊಳಗೋ ಎಂದು ದಾವಲಬಿಗೆ ತಿಳಿಯಲಿಲ್ಲ. ಕೂಸಿನ ಉಸಿರು ಕೇಳುತ್ತಿದೆಯಲ್ಲ, ಅಷ್ಟು ಸಾಕು ಎಂದು ಕಿವಿಯನ್ನು ಅದರ ಬಾಯಿಗೇ ಹಚ್ಚಿ ಕೂತಿದ್ದಳು.

ದವಾಖಾನೆಯ ಬಾಗಿಲಲ್ಲಿ ಆಯಾ ವೀರವ್ವ ತಡೆದಳು. "ತಾಯಿ ಒಬ್ಬಾಕಿ ಒಳಗ, ಉಳದಾವ್ರು ಹೊರಗ. ತಾಯಿ ಯಾರು?"

ಅನ್ನವ್ವನ ಎರಡೂ ಕೈ ಕೂಸಿನತ್ತ ಚಾಚಿದ್ದವು. ಅವುಗಳನ್ನು ಹಿಂದಕ್ಕೆ ಎಳೆದುಕೊಂಡು ದಾವಲಬಿಯನ್ನು ತೋರಿಸಿದಳು. "ಇಕಿ."

ಅನ್ನವ್ವನ ಕಣ್ಣು ನೋಡಿ ದಾವಲಬಿ ಕೂಸನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಬಾಗಿಲು ಇಬ್ಬರ ನಡುವೆ ಬಂತು.

ಒಳಗೆ ಬಿಳಿಯ ಲೋಕ. ಕಬ್ಬಿಣದ ಮಂಚದ ಸುತ್ತ ಬಿಳಿಯ ಚಾದರ ಇಳಿಬಿಟ್ಟು, ಸ್ಟೋವಿನ ಮೇಲೆ ಉದ್ದ ಮೂತಿಯ ಕಿಟ್ಲಿ ಇಟ್ಟು, ಅದರ ಹಬೆಯನ್ನು ಚಾದರದೊಳಗೆ ಬಿಡುತ್ತಿದ್ದರು. ನೀರಿಗೆ ಏನೋ ಔಷಧಿ ಹಾಕಿದ್ದರು. ಲೋಬಾನದ ವಾಸನೆ ಬರುತ್ತಿತ್ತು. ಎದೆಗೆ ಅಗಸೆಹಿಟ್ಟಿನ ಬಿಸಿ ಪಟ್ಟಿ. ದಾವಲಬಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಚಾದರದೊಳಗೆ ಕೂತಳು. ಸ್ವಲ್ಪ ಹೊತ್ತಿಗೆ ಗೋಡೆ ಹೋಯಿತು, ಬಾಗಿಲು ಹೋಯಿತು, ತನ್ನ ಕೈ ಸಹ ಮಸುಕಾಯಿತು. ಉಳಿದದ್ದು ಆ ಉಸಿರು ಒಂದೇ. ಅದು ದೂರದಿಂದ ಬರುವ, ಮತ್ತೆ ದೂರ ಹೋಗುವ ಯಾವುದೋ ಗಾಡಿಯ ಸದ್ದಿನ ಹಾಗಿತ್ತು. ಅದು ನಿಲ್ಲಬಾರದು ಎಂದು ದಾವಲಬಿ ಬಳೆಗಳ ಬಣ್ಣ ಹೇಳತೊಡಗಿದಳು. ಗಿಳಿ ಹಸಿರು, ಈರುಳ್ಳಿ ಸಿಪ್ಪೆಯ ಬಣ್ಣ, ನವಿಲುಗರಿ, ಮುಗಿಲಿನ ನೀಲಿ. ಹೇಳಿದ ಹಾಗೆ ಹಬೆಯೊಳಗೆ ಬಳೆಗಳು ಒಂದೊಂದಾಗಿ ತೇಲಿಬಂದ ಹಾಗೆ ಅವಳಿಗೇ ಕಂಡಿತು. ಕೂಸು ಬೆರಳು ಎತ್ತಿ ಅವುಗಳನ್ನು ಮುಟ್ಟಲು ನೋಡಿತು. ಅಥವಾ ಹಾಗೆ ಅನ್ನಿಸಿತು.

ವೀರವ್ವ ಕಿಟ್ಲಿಗೆ ನೀರು ಹಾಕಲು ಬಂದು ಕೂಸಿನ ಹಣೆಯ ಮೇಲಿನ ವಿಭೂತಿ ನೋಡಿದಳು. "ಅಲ್ಲವ್ವಾ, ನಿನ್ನ ಹೆಸರು ದಾವಲಬಿ. ಕೂಸಿನ ಹಣಿಮ್ಯಾಲೆ ಈಬತ್ತಿ!"

"ಊರ ಮಂದಿ ಪ್ರೀತೀಲೆ ಹಚ್ಚತಾರ. ಅಳಸಲೇನು?"

"ಅಳಸಬ್ಯಾಡ. ಯಾವ ದೇವ್ರು ಪುರಸೊತ್ತಿಲೆ ಅದಾನೋ ಯಾರಿಗ್ಗೊತ್ತು." ವೀರವ್ವ ನೀರು ಹಾಕಿ ಹೋದಳು.

ಕಿಟಕಿಯಿಂದ ನೋಡಿದರೆ ಅಂಗಳದ ಬೇವಿನ ಗಿಡದ ಕೆಳಗೆ ಅನ್ನವ್ವ ಕಾಣುತ್ತಿದ್ದಳು. ಯಾವಾಗ ನೋಡಿದರೂ ಅಲ್ಲೇ, ಹಾಗೇ. ಆ ದಿನಗಳಲ್ಲಿ ದಾವಲಬಿಯ ಮನಸ್ಸಿನಲ್ಲಿ ಒಂದು ಹುಚ್ಚು ವಿಚಾರ ಬಂದು ಹೋಗುತ್ತಿತ್ತು. ಚಾದರದೊಳಗೆ ಕೂತಾಗ ಈ ಕೂಸಿಗೆ ತನ್ನನ್ನು ಬಿಟ್ಟು ಯಾರೂ ಇಲ್ಲ. ತನಗೂ ಇದನ್ನು ಬಿಟ್ಟು ಯಾರೂ ಇಲ್ಲ. ಹೊರಗೆ ಬಂದಾಗ ಬೇವಿನ ಗಿಡ ಕಾಣುತ್ತಿತ್ತು, ನಾಚಿಕೆಯಾಗುತ್ತಿತ್ತು.

ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರಬಾಯಿ ಕೂಸಿನ ಬೆನ್ನಿನ ಮೇಲೆ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ದಾವಲಬಿಯನ್ನು ಪಕ್ಕಕ್ಕೆ ಕರೆದರು.

"ಎದಿಯೊಳಗ ಕೀವು ತುಂಬೇತಿ. ಸೂಜಿ ಚುಚ್ಚಿ ತಗೀಬೇಕು. ಕೂಸು ಭಾಳ ನಾಜೂಕ ಐತಿ. ಚುಚ್ಚಿದ್ರ ತಡೀತೈತಿ ಅಂತ ನಾ ಹೇಳಂಗಿಲ್ಲ. ಚುಚ್ಚದಿದ್ರ ಉಳೀತೈತಿ ಅಂತೂ ಹೇಳಂಗಿಲ್ಲ. ತಾಯಿ ನೀವು. ನೀವು ಹೂಂ ಅಂದ್ರ ಮಾಡ್ತೇನಿ."

ದಾವಲಬಿಗೆ ಕಾಲಿನ ಕೆಳಗಿನ ನೆಲ ಮತ್ತೆ ನೀರಾಯಿತು. "ಒಂದು ಗಳಿಗಿ ತಡೀರಿ ಬಾಯಾರ," ಎಂದವಳೇ ಅಂಗಳಕ್ಕೆ ಓಡಿದಳು.

ಅನ್ನವ್ವ ಕೇಳಿದಳು. ಕೇಳಿ ಮುಗಿದ ಮೇಲೂ ಕೇಳುತ್ತಿರುವವಳ ಹಾಗೆ ಕೂತಳು. ಶಿದ್ಲಿಂಗಪ್ಪ ಎತ್ತಿನ ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಆ ಕಡೆ ಮುಖ ಮಾಡಿ ನಿಂತ.

"ಹೇಳ ಅನ್ನವ್ವಾ. ಹೂಂ ಅನ್ನಲೋ, ಬ್ಯಾಡ ಅನ್ನಲೋ?"

"ನಿನ್ನ ಕೂಸು. ನೀ ಹೇಳು."

"ಇದೇನ ಬಳಿ ಇಡಸೂ ಮಾತೇನ? ಜೀವದ ಮಾತಿದು! ಹೆತ್ತಾಕಿ ನೀನು..."

"ಶ್ಶ್!" ಅನ್ನವ್ವ ಅವಳ ಬಾಯಿಯ ಮೇಲೆ ಅಂಗೈ ಒತ್ತಿದಳು. ಅಂಗೈ ತಣ್ಣಗಿತ್ತು. "ಮೊದಲಿನದಕ್ಕ ಹೊಟ್ಟಿಮ್ಯಾಲೆ ಕಾಸಿ ಬರಿ ಹಾಕಸ್ರಿ ಅಂದೆ, ಹೋತು. ಎರಡನೇದಕ್ಕ ಬರಿ ಬ್ಯಾಡ ಅಂದೆ, ಅದೂ ಹೋತು. ನನ್ನ ಬಾಯಾಗಿಂದ ಬಂದದ್ದು ಯಾವುದೂ ಉಳಿಯಂಗಿಲ್ಲ ದಾವಲಬಿ. ಅದಕ್ಕ ನಿನ್ನ ಕೈಯಾಗ ಕೊಟ್ಟೇನಿ. ಬರೇ ಹೆಸರಿಗೆ ಕೊಟ್ಟೇನಂತ ತಿಳದಿದ್ದಿ ಏನು?"

"ಏನರ ಆದ್ರ? ನಾಳೆ ನನ್ನ ಮಾರಿ ನೋಡ್ತಿ ಏನು ನೀನು?"

ಅನ್ನವ್ವ ತಲೆ ಎತ್ತಿ ಅವಳನ್ನೇ ದಿಟ್ಟಿಸಿದಳು. "ನೋಡ್ತೇನಿ," ಎಂದಳು. "ನಿನ್ನ ಮಾರಿ ಬಿಟ್ರ ನನಗ ನೋಡಾಕ ಯಾವ ಮಾರಿ ಐತಿ?"

ದಾವಲಬಿ ಒಳಗೆ ಬಂದಳು. ಅಂಗಳದಿಂದ ಮಂಚದವರೆಗಿನ ದಾರಿ ಅವಳಿಗೆ ಆಮೇಲೆ ಎಂದೂ ನೆನಪಿಗೆ ಬರಲಿಲ್ಲ. ತನ್ನ ದನಿ ಮಾತ್ರ ನೆನಪಿತ್ತು, ಅದು ಬೇರೆ ಯಾರದೋ ದನಿಯ ಹಾಗಿತ್ತು. "ಚುಚ್ಚರಿ ಬಾಯಾರ."

ಕೂಸನ್ನು ತನ್ನ ಎದೆಗೆ ಒರಗಿಸಿ, ಬೆನ್ನು ಡಾಕ್ಟರಬಾಯಿಯ ಕಡೆಗೆ ಮಾಡಿ, ಎರಡೂ ಪುಟ್ಟ ಕೈಗಳನ್ನು ತನ್ನ ಕೈಯೊಳಗೆ ಹಿಡಿದಳು. ಎಷ್ಟೋ ಹಸುಳೆಗಳ ಕೈಗಳಿಗೆ ನೋವಾಗದಂತೆ ಬಳೆ ಇಳಿಸಿದ್ದ ಬೆರಳುಗಳು ಈಗ ಬಿಗಿಯಾಗಿ ಹಿಡಿಯುವುದನ್ನು ಕಲಿಯಬೇಕಾಗಿತ್ತು. ಕೂಸು ಒಮ್ಮೆ ಚೀರಿತು. ಆಮೇಲೆ ಚೀರಲಿಲ್ಲ. ಹಬೆ, ಬಿಳುಪು, ಗಾಜಿನ ಪಾತ್ರೆಗೆ ಏನೋ ಇಳಿಯುವ ಸದ್ದು. ಆ ದೂರದ ಗಾಡಿ ನಿಂತುಹೋಯಿತು. ದಾವಲಬಿಯೂ ತನ್ನ ಉಸಿರು ಹಿಡಿದು ಅದರ ಜೊತೆಗೇ ಆ ಬಿಳುಪಿನಲ್ಲಿ ಇಳಿಯುತ್ತ ಹೋದಳು. ಕೆಳಗೆ ಎಲ್ಲೋ ಕೆರೆಯ ತಳದಂಥ ಮೌನ.

ಆಮೇಲೆ ಅವಳ ಕುತ್ತಿಗೆಗೆ ಬೆಚ್ಚಗೆ ಏನೋ ತಾಗಿತು. ಉಸಿರು. ಗೊರಗೊರ ಇಲ್ಲದ, ಉದ್ದನೆಯ ಉಸಿರು. ಮತ್ತೊಂದು.

"ಇಳಸ್ರಿ, ಮಲಗಸ್ರಿ," ಎಂದರು ಡಾಕ್ಟರಬಾಯಿ. ಅವರ ಹಣೆಯೂ ಬೆವೆತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ತುಟಿಗೆ ಬಣ್ಣ ಬಂತು. ದಾವಲಬಿ ಹೊರಗೆ ಬಂದು ಅನ್ನವ್ವನ ಮುಂದೆ ನಿಂತಳು.

"ನಿನ್ನ ಮಗಳು ಹೆಂಗದಾಳ?" ಎಂದು ನೆಲ ನೋಡುತ್ತ ಅನ್ನವ್ವ ಕೇಳಿದಳು.

ದಾವಲಬಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಬಾಗಿಲಲ್ಲಿ ವೀರವ್ವ, "ಇಕಿ ಯಾರು?" ಎಂದಾಗ, "ನೆರಿಮನಿಯಾಕಿ. ಜಗಳಗಂಟಿ, ಬಿಡದಿದ್ರ ಇಲ್ಲೇ ಹೊಯ್ಕೊಂತಾಳ," ಎಂದಳು. ವೀರವ್ವ ಇಬ್ಬರ ಮುಖವನ್ನೂ ನೋಡಿ ಪಕ್ಕಕ್ಕೆ ಸರಿದಳು.

ಅನ್ನವ್ವ ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮುಟ್ಟಲಿಲ್ಲ. ಕೂಸು ಅರೆನಿದ್ರೆಯಲ್ಲಿ ಮುಖ ಹೊರಳಿಸಿ, "ಅವ್ವಾ," ಎಂದಿತು. ಅನ್ನವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಕೂಸು ಕರೀತೈತಿ, ಓ ಅನ್ನು," ಎಂದಳು ದಾವಲಬಿ.

ಅನ್ನವ್ವ ತಲೆಯಾಡಿಸಿದಳು, ಬೇಡ ಎಂದು.

"ನನ್ನ ಕೈಯಾಗ ಕೊಟ್ಟಿ ಅಲ್ಲ? ಹೇಳಾಕ ನನಗ ಹಕ್ಕೈತಿ. ಓ ಅನ್ನು."

"ಓ," ಎಂದಳು ಅನ್ನವ್ವ. ಅಷ್ಟು ಮೆಲ್ಲಗೆ ಅಂದಳು, ಪಕ್ಕದ ಮಂಚದವರಿಗೂ ಕೇಳಿಸಲಿಲ್ಲ. ಕೂಸಿಗೆ ಕೇಳಿಸಿತು. ಅದರ ಬೆರಳು ಸೆರಗು ಹುಡುಕಿ ಹಿಡಿದುಕೊಂಡಿತು.

ದಾವಲಬಿ ಸದ್ದಿಲ್ಲದೆ ಅಂಗಳಕ್ಕೆ ಬಂದಳು. ಶಿದ್ಲಿಂಗಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ತಿರುಗಿ ನೋಡಿದ.

"ಕೂಸಿನ ಹತ್ತರ ಯಾರದಾರ?"

"ಅದರವ್ವ ಅದಾಳಣ್ಣಾ," ಎಂದು ಹೇಳಿ ಗಾಡಿಯ ಮೂಕಿಯ ಮೇಲೆ ಕೂತಳು. ಅಷ್ಟು ಹೊತ್ತಿನ ತನಕ ತಿಳಿದೇ ಇರಲಿಲ್ಲ, ಎರಡೂ ತೋಳು ಸೋತುಹೋಗಿದ್ದವು.