ಉಸುಕು ಕಾಸಿದ ಅಕ್ಕೋರು

ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಸೆರಗಿನಲ್ಲಿ ಸಾಸಿವೆ ಗಾತ್ರದ ತೂತುಗಳಿದ್ದವು. ಪ್ರಯೋಗ ತೋರಿಸುವಾಗ ಆಸಿಡ್ ಸಿಡಿದು ಆದವು. ಅವರು ಹೊಸ ಸೀರೆ ಉಟ್ಟು ಬಂದರೆ, ಇದಕ್ಕೆ ಎಂದು ತೂತು ಬೀಳುತ್ತದೋ ಎಂದು ನಾವು ಹುಡುಗಿಯರು ಕಾಯುತ್ತಿದ್ದೆವು. ಬಹಳ ಕಾಯಿಸುತ್ತಿರಲಿಲ್ಲ ಅವರು.

ಗಂಗಾವತಿಯ ಸರ್ಕಾರಿ ಹೈಸ್ಕೂಲು ನಮ್ಮದು. ಯಾರಾದರೂ ಪ್ರಶ್ನೆ ಕೇಳಿದರೆ ಅಕ್ಕೋರ ಮುಖ ಅರಳುತ್ತಿತ್ತು. "ಛಲೋ ಕೇಳಿದಿ ನೋಡವಾ" ಎನ್ನುವರು. ಉತ್ತರ ತಿಳಿಯದಿದ್ದರೆ "ನನಗೂ ಗೊತ್ತಿಲ್ಲ, ಮಾಡಿ ನೋಡೂಣು" ಎಂದು ನಕ್ಕುಬಿಡುವರು.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಕೇಳಿದೆ, "ಉಸುಕು ಕಾಸಿದ್ರ ಏನಾಗತೈತ್ರಿ?"

"ಗಾಜು ಆಗತೈತಿ."

ಸಂಜೆ ಅದನ್ನೇ ಅವ್ವನಿಗೆ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಚುರುಮರಿ ಭಟ್ಟಿಯನ್ನು ಅವ್ವನೇ ನಡೆಸುತ್ತಿದ್ದಳು. ನೆಲ್ಲಿನ ಹೊಟ್ಟಿನ ಉರಿಯ ಮೇಲೆ ದೊಡ್ಡ ಕಡಾಯಿ, ಅದರ ತುಂಬ ಹೊಳೆಯ ಉಸುಕು. ಕಾದ ಉಸುಕಿಗೆ ಅಕ್ಕಿ ಸುರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರಳುತ್ತಿತ್ತು. ಜರಡಿ ಹಿಡಿದರೆ ಚುರುಮರಿ ಮೇಲುಳಿದು ಉಸುಕು ಮತ್ತೆ ಕಡಾಯಿಗೆ ಬೀಳುತ್ತಿತ್ತು.

ಮರುದಿನ ಅವ್ವ, ತಲೆಯ ಮೇಲಿನ ಬೂದಿಯನ್ನೂ ಕೊಡವದೆ ಶಾಲೆಗೆ ಬಂದಳು.

"ಅಕ್ಕೋರ, ದಿನಾ ಉಸುಕು ಕಾಸಾಕಿ ನಾನು. ಕರ್ರಗ ಆಗತೈತಿ, ನುಣ್ಣಗ ಆಗತೈತಿ. ಗಾಜು ಒಂದ ದಿನಾನೂ ಆಗಿಲ್ಲ. ಹಿಂಗ ಸುಳ್ಳು ಕಲಿಸೂದಿದ್ರ ನನ್ನ ಮಗಳು ಭಟ್ಟಿ ಮುಂದ ಕುಂದರ್ಲಿ ಬಿಡ್ರಿ."

ನನ್ನನ್ನು ಶಾಲೆ ಬಿಡಿಸಲು ಅವ್ವ ಬಹಳ ದಿನದಿಂದ ನೆಪ ಹುಡುಕುತ್ತಿದ್ದಳು. ಒಬ್ಬಳೇ ಎಷ್ಟೆಂದು ದುಡಿದಾಳು? ಅಕ್ಕೋರಿಗೆ ಸಿಟ್ಟು ಬರಲಿಲ್ಲ.

"ನೀವು ಹೇಳೂದು ಖರೇರಿ. ನಾ ಅರ್ಧಾನ ಹೇಳೀನಿ. ಅದಕ್ಕ ನಿಮ್ಮ ಭಟ್ಟಿ ಉರಿ ಸಾಲಂಗಿಲ್ಲ. ರವಿವಾರ ಕಮ್ಮಾರರ ಕುಲುಮಿಗೆ ಬರ್ರಿ, ನಿಮ್ಮ ಉಸುಕನ್ನ ತರ್ರಿ. ಆಗಲಿಲ್ಲಂದ್ರ ಮಗಳನ್ನ ಕರಕೊಂಡು ಹೋಗ್ರಿ."

ಅಕ್ಕೋರು ನನ್ನ ಓದನ್ನೇ ಪಣಕ್ಕಿಟ್ಟಿದ್ದರು.

ರವಿವಾರ ಕುಲುಮೆಯಲ್ಲಿ ಮೊದಲು ಬರೀ ಉಸುಕನ್ನು ಕಬ್ಬಿಣದ ಸೌಟಿನಲ್ಲಿಟ್ಟು ಕಾಸಿದರು. ಕೆಂಡದಂತೆ ಕೆಂಪಾಯಿತು. ಹೊರತೆಗೆದು ಆರಿಸಿದರೆ ಮತ್ತದೇ ಉಸುಕು. ಅವ್ವ ಎದ್ದು ನನ್ನ ಕೈ ಹಿಡಿದಳು.

"ತಡೀರಿ ಯವ್ವಾ, ನಿಮ್ಮ ಎಲಿ ಸಂಚ್ಯಾಗ ಸುಣ್ಣ ಐತೇನ್ರಿ?" ಎಂದರು ಅಕ್ಕೋರು.

ಅವ್ವ ಒಲ್ಲದ ಮನಸ್ಸಿನಿಂದಲೇ ಸುಣ್ಣದ ಡಬ್ಬಿ ಕೊಟ್ಟಳು. ಅಕ್ಕೋರು ಉಸುಕನ್ನು ನುಣ್ಣಗೆ ಅರೆದು, ಬೇಗ ಕರಗಲೆಂದು ಅದಕ್ಕೆ ಬಟ್ಟೆ ಒಗೆಯುವ ಸೋಡಾ ಮತ್ತು ಚಿಟಿಕೆ ಸುಣ್ಣ ಬೆರೆಸಿ ಮತ್ತೆ ಉರಿಗಿಟ್ಟರು. ಕುಲುಮೆಯವನು ತಿದಿ ಒತ್ತಿಯೇ ಒತ್ತಿದ. ಬಹಳ ಹೊತ್ತಿನ ಮೇಲೆ ಪುಡಿ ಕುಸಿಯಿತು, ಗುಳ್ಳೆ ಎದ್ದಿತು, ಬೆಲ್ಲದ ಪಾಕದ ಹಾಗೆ ಎಳೆ ಬಂತು. ಕಲ್ಲಿನ ಮೇಲೆ ಸುರಿದಾಗ ಹಸಿರು ಛಾಯೆಯ ಸೊಟ್ಟ ಬಿಲ್ಲೆಯಾಗಿ ನಿಂತಿತು.

ಆರಿದ ಮೇಲೆ ಅವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಚೆ ಬದಿಯ ಬೆಳಕು ಕಂಡಿತು.

"ಇದರೊಳಗ ಇಷ್ಟೆಲ್ಲಾ ಇತ್ತೇನ್ರಿ?" ಎಂದಳು. ಬಿಲ್ಲೆಯನ್ನು ತಿರುಗಿಸಿ ನೋಡುತ್ತ, "ಮುಂದ ಈಕಿಗೆ ಏನೇನು ಕಲಿಸ್ತೀರಿ?"

ಅಂದಿನಿಂದ ಅಕ್ಕೋರು ಮನೆಗೆ ಹೋಗುವಾಗ ಭಟ್ಟಿಯ ಮುಂದೆ ಪುಟ್ಟಿ ಬೋರಲು ಹಾಕಿ ಕೂರತೊಡಗಿದರು. ಬಿಸಿ ಚುರುಮರಿಯ ಜೊತೆ ಉಳ್ಳಾಗಡ್ಡಿ ಕಡಿಯುತ್ತ ಅವ್ವನ ಪ್ರಶ್ನೆಗಳಿಗೆ ಉತ್ತರ ಹೇಳುವರು. ಹಾಲು ಯಾಕೆ ಉಕ್ಕುತ್ತದೆ, ಹುಣಸೆಹಣ್ಣಿಗೆ ಹಿತ್ತಾಳೆ ಯಾಕೆ ಬೆಳಗುತ್ತದೆ. "ನಿಮ್ಮವ್ವನ್ನ ಸಾಲಿಗೆ ಕಳಿಸಿದ್ರ ನನ್ನ ನೌಕರಿ ಈಕಿಗೇ ಸಿಗತಿತ್ತು ನೋಡು" ಎಂದು ನನ್ನತ್ತ ತಿರುಗಿ ನಗುವರು.

ನಾನು ಓದಿದೆ. ಈಗ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಅಕ್ಕೋರು ವರ್ಗವಾಗಿ ಕುಕನೂರಿಗೆ ಹೋದವರು ನಿವೃತ್ತರಾಗಿ ಅಲ್ಲೇ ಉಳಿದಿದ್ದರು. ಹೋದ ವರ್ಷ ತೀರಿಕೊಂಡ ಸುದ್ದಿ ಬಂದಾಗ ಅವ್ವನೂ ನಾನೂ ಹೋದೆವು. ಬಾಗಿಲಲ್ಲಿ ಅವರ ಮಗ ನಿಂತಿದ್ದ. ನಮ್ಮ ಗುರುತಿರಲಿಲ್ಲ ಅವನಿಗೆ.

"ನೀವು ಯಾರಾಗಬೇಕ್ರಿ?"

"ಅವರ ಸಾಲಿ ಹುಡುಗಿರಿ ನಾನು" ಎಂದೆ.

ಅವ್ವ ಕಣ್ಣೊರೆಸಿಕೊಂಡು, "ನಾನೂ ರೀ" ಎಂದಳು.