‘ಸರಿ’ ಅಂದರೆ ಸರಿದುಹೋದವಳು

ಸೂರ್ಯ ಹುಟ್ಟಲು ಇನ್ನೂ ಹೊತ್ತಿದೆ. ಕೆರೆಯಂಚಿನ ಹುಲ್ಲಿನಲ್ಲಿ ವಯಸ್ಸಾದವರೊಬ್ಬರು ಕೋಲು ನೆಟ್ಟು, ಅದಕ್ಕೆ ಟಾರ್ಚ್ ಕಟ್ಟಿ, ಕ್ಯಾಮೆರಾದತ್ತ ಓಡಿ ಬರುತ್ತಾರೆ. ಆ ಬೆಳಕಿಗೆ ಫೋಕಸ್ ಹಿಡಿದು, ಮತ್ತೆ ಓಡಿ ಕೋಲು ಕಿತ್ತು ತರುತ್ತಾರೆ. ಅಷ್ಟರಲ್ಲಿ ಮಂಜು ಚದುರಿರುತ್ತದೆ. “ಥೂ, ಇದರ ಮನೆ ಹಾಳಾಗ!” ಎಂದು ಬೈಯುತ್ತಾ ಮತ್ತೆ ಹೊರಡುತ್ತಾರೆ. ಅವರ ಕೆಲಸ ನೋಡಲೆಂದು ಬಂದು, ಚಳಿಗೆ ಹಲ್ಲು ಕಟಕಟಿಸುತ್ತಾ ನಿಂತ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ಎಲ್ಲರ ಬಾಯಲ್ಲೂ ಇವರು ‘ಮಸುಕಣ್ಣ’. ಕ್ಯಾಲೆಂಡರ್ ಮುದ್ರಿಸುವ ಪ್ರೆಸ್ಸಿಗೆ ಕೆರೆ, ಬೆಟ್ಟ, ಬಯಲುಗಳ ಚಿತ್ರ ತೆಗೆದುಕೊಡುವುದು ಕಸುಬು. ಎಷ್ಟೋ ಗೋಡೆಗಳ ಮೇಲೆ ಇವರ ಚಿತ್ರವಿದೆ. ತೆಗೆದವರು ಯಾರೆಂದು ಕೇಳಿದವರಿಲ್ಲ. ಬೇರೆಯವರು ಲೆನ್ಸಿನ ಕಿಂಡಿ ಕಿರಿದು ಮಾಡಿ, ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುವಂತೆ ತೆಗೆಯುತ್ತಾರೆ. ಇವರದು ದೊಡ್ಡ ಬಾಯಿಯ ಲೆನ್ಸ್, ಕಿಂಡಿ ಸದಾ ಪೂರ್ತಿ ತೆರೆದದ್ದು. ಒಂದು ಪಟ್ಟಿ ಹುಲ್ಲು ಮಾತ್ರ ಎಸಳು ಎಸಳಾಗಿ ಕಾಣುತ್ತದೆ, ಮಿಕ್ಕಿದ್ದೆಲ್ಲ ಮಸುಕು.

“ಏನ್ ಮಾಡೋದು ಸಾರ್? ಆ ಹೊತ್ತಲ್ಲಿ ಬೆಳಕು ಕಮ್ಮಿ. ಹುಲ್ಲು ಒಂದ್ಕಡೆ ನಿಲ್ಲಲ್ಲ. ಕಿಂಡಿ ಸಣ್ಣದು ಮಾಡಿದ್ರೆ ಬೆಳಕಿಗೋಸ್ಕರ ತುಂಬಾ ಹೊತ್ತು ತೆರೆದಿಡ್ಬೇಕು, ಅಷ್ಟರಲ್ಲಿ ಹುಲ್ಲು ಅಲ್ಲಾಡಿ ಎಲ್ಲಾ ಕಲಸಿಹೋಗುತ್ತೆ.”

ಮೊದಲು ಈ ಕೋಲು ಇರಲಿಲ್ಲ, ಹೆಂಡತಿ ಇದ್ದರು. ಮದುವೆಯಾದ ಹೊಸತರಲ್ಲಿ ಆಕೆಯ ಫೋಟೋ ತೆಗೆಯಲೆಂದೇ ಇಲ್ಲಿಗೆ ಕರೆತಂದಿದ್ದರಂತೆ. ಕತ್ತಲು ಹರಿದಿರಲಿಲ್ಲ, ಕೈಗೊಂದು ಟಾರ್ಚ್ ಕೊಟ್ಟು ನಿಲ್ಲಿಸಿ, ಫೋಕಸ್ ಆದ ಖುಷಿಗೆ “ಸರಿ!” ಎಂದರು. ಪಾಪ, ಆಕೆ ಪಕ್ಕಕ್ಕೆ ಸರಿದೇಬಿಟ್ಟರು. ಬೆರಳು ಒತ್ತಿಯಾಗಿತ್ತು. ಆ ಖಾಲಿ ಹುಲ್ಲಿನ ಚಿತ್ರವೇ ಪ್ರೆಸ್ಸಿನವರಿಗೆ ಹಿಡಿಸಿತು.

“ಆವತ್ತಿಂದ ಅದೇ ರೂಢಿ. ಅವಳು ನಿಲ್ಲೋದು, ನಾನು ‘ಸರಿ’ ಅನ್ನೋದು, ಅವಳು ಸರಿಯೋದು. ನಿನ್ನ ಫೋಟೋ ನಾಳೆ ತೆಗೀತೀನಿ ಕಣೇ ಅಂತಿದ್ದೆ. ಅಷ್ಟೇ, ನಾಳೆ ಬರಲೇ ಇಲ್ಲ.”

ಆಕೆ ತೀರಿಕೊಂಡ ದಿನ ನಾದಿನಿ ಬಂದು, “ಅಕ್ಕಂದು ಒಂದು ಫೋಟೋ ಕೊಡಿ ಭಾವ” ಎಂದಾಗ ಕೊಡಲು ಇವರ ಬಳಿ ತಾವು ತೆಗೆದದ್ದು ಒಂದೂ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು. “ಗುರುತಿನ ಚೀಟೀಲಿ ಒಂದಿದೆ. ಅದು ಅವಳಲ್ಲ ಸಾರ್, ಯಾರೋ ಹೆದರಿರೋ ಹೆಂಗಸು.”

ಅಂದಿನಿಂದ ಹುಡುಕಾಟ. ಮಕ್ಕಳಿಲ್ಲದ ಒಂಟಿ ಕೋಣೆ. ಮಂಚದ ಅರ್ಧ ಭಾಗದಲ್ಲಿ ನೆಗೆಟಿವ್ ಡಬ್ಬಿಗಳು ಮಲಗಿವೆ. ಊಟಕ್ಕೆ ತಟ್ಟೆ ಹಾಕಿಕೊಂಡು, ಉಣ್ಣುವುದನ್ನು ಮರೆತು, ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಂದರಲ್ಲಾದರೂ ಆಕೆ ಸರಿಯಲು ತಡಮಾಡಿರಬಾರದೇ ಎಂಬ ಆಸೆ. ಇದುವರೆಗೆ ಸಿಕ್ಕಿರುವುದು ಅಂಚಿನಲ್ಲೊಂದು ಮಸುಕಾದ ಮೊಣಕೈ. “ಅವತ್ತು ಎಷ್ಟು ಬೈದಿದ್ದೆ ಗೊತ್ತಾ, ಚಿತ್ರ ಕೆಡಿಸಿದೆ ಅಂತ!” ಎಂದು ನಗಲು ಹೋಗುತ್ತಾರೆ, ಆಗುವುದಿಲ್ಲ.

ಉಳಿದಿರುವುದು ಒಂದೇ ಡಬ್ಬಿ. ಅದರಲ್ಲೂ ಸಿಗದಿದ್ದರೆ ಎಂದು ಕೇಳುತ್ತೇನೆ.

ಅವರು ಎದ್ದು ಗೋಡೆಯಿಂದ ತಮ್ಮ ಚಿತ್ರವಿರುವ ಹಳೆಯ ಕ್ಯಾಲೆಂಡರ್ ಇಳಿಸಿ ನನ್ನ ಮುಂದಿಡುತ್ತಾರೆ. ಸ್ಪಷ್ಟವಾಗಿ ಕಾಣುವ ಆ ಒಂದು ಪಟ್ಟಿ ಹುಲ್ಲಿನಲ್ಲಿ ನಾಲ್ಕಾರು ಎಸಳು ಬಾಗಿವೆ.

“ನೋಡಿ, ಆಗತಾನೇ ಕಾಲು ತೆಗೆದಿದ್ದಾಳೆ, ಹುಲ್ಲು ಇನ್ನೂ ಎದ್ದಿಲ್ಲ. ಮಿಕ್ಕಿದ್ದಕ್ಕೆಲ್ಲ ಜನ ಏನಾದ್ರೂ ಅಂದ್ಕೊಳ್ಳಲಿ ಸಾರ್. ಅವಳು ನಿಂತ ಜಾಗ ಒಂದೂ ಮಸುಕಾಗಿಲ್ಲ.”